ಕೌಶಲ್ಯಾಬಾಯಿ ಮನೆ ಎಂಬ ವಿಳಾಸ

ನನ್ನ ಹೆಂಡತಿ ಕೌಶಲ್ಯಾ ತೀರಿಕೊಂಡು ಒಂದೂವರೆ ತಿಂಗಳಾಗಿತ್ತು. ಕೊನೆಯ ದಿನಗಳಲ್ಲಿ ಅವಳು ಎರಡು ಸಲ ಹೇಳಿದ್ದಳು: "ಆ ಸಾಯಮ್ಮನ ಕೆಮ್ಮು ಚಲೋ ಅಲ್ಲ. ದವಾಖಾನಿಗಿ ಕರಕೊಂಡು ಹೋಗ್ರಿ." ಆಗ ಅವಳ ಹಾಸಿಗೆಯ ಪಕ್ಕದಿಂದ ನಾನು ಏಳುವಂತಿರಲಿಲ್ಲ. ಈಗ ಏಳದೆ ಇರಲು ಕಾರಣವೇ ಉಳಿದಿರಲಿಲ್ಲ.

ಸಾಯಮ್ಮ ತಾಂಡೂರಿನಲ್ಲಿ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯಲ್ಲಿ ಕಲ್ಲು ಹೊರುತ್ತಿದ್ದವಳು. ಕೆಮ್ಮಿನಲ್ಲಿ ರಕ್ತ ಬಿದ್ದ ಮೇಲೆ ಗಣಿಯ ಗುಡಿಸಲಿನಿಂದ ಹೊರಗೆ ಹಾಕಿದರು. ಅಂದಿನಿಂದ ನಮ್ಮ ಓಣಿಯ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಮಲಗುತ್ತಿದ್ದಳು. ಕೌಶಲ್ಯಾ ಬಾಗಿಲ ಹೊರಗೆ ಅವಳಿಗೆ ಗಂಜಿ ಹಾಕುತ್ತಿದ್ದಳು.

ಸ್ಟೇಷನ್ ಹತ್ತಿರದ ಧರ್ಮದ ದವಾಖಾನೆಯಲ್ಲಿ ಡಾಕ್ಟರು ಪರೀಕ್ಷೆ ಮಾಡಿ ಕ್ಷಯವೆಂದರು. ಕಾಂಪೌಂಡರ್ ಧರ್ಮಣ್ಣ ಕಾರ್ಡು ಬರೆಯಲು ಕುಳಿತ.

"ಎಲ್ಲಿರ್ತಿ?"

"ಗುಡಿ ಕಟ್ಟಿ ಮ್ಯಾಲ್ರಿ."

"ಗುಳಿಗಿ ಒಯ್ಯಾಕ ಬರಲಿಲ್ಲಂದ್ರ ನಾವು ಕಾಗದ ಹಾಕ್ತೀವಿ. ಕಟ್ಟಿಗಿ ಹಾಕಿದ್ರ ಹಣಮಪ್ಪ ಓದಿ ಹೇಳ್ತಾನೇನು?"

"ಬ್ಯಾರೆ ಯಾರದಾರ್ರಿ ನನಗ ಹೇಳಾಕ?" ಎಂದಳು ಸಾಯಮ್ಮ.

ಧರ್ಮಣ್ಣ ನಕ್ಕ, ಆದರೆ ಪೆನ್ನು ಕೆಳಗಿಟ್ಟ. ಅರ್ಧಕ್ಕೆ ಬಿಟ್ಟರೆ ಈ ರೋಗ ಮೊದಲಿಗಿಂತ ಗಟ್ಟಿಯಾಗುತ್ತದೆ, ಆದ್ದರಿಂದ ವಿಳಾಸ ಇಲ್ಲದವರಿಗೆ ಔಷಧ ಶುರು ಮಾಡುವುದಿಲ್ಲ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

"ಬರಕೋ," ಎಂದೆ. "ಕೌಶಲ್ಯಾಬಾಯಿ ಮನಿ, ಹಣಮಂತ ದೇವರ ಓಣಿ." ನಮ್ಮ ಮನೆಯನ್ನು ಊರು ಕರೆಯುತ್ತಿದ್ದುದು ಹಾಗೆಯೇ.

"ಕಾಕಾ, ಈಕಿ ನಿಮ್ಮ ಮನ್ಯಾಗ ಇರ್ತಾಳೇನ್ರಿ?"

"ಹೂಂ."

ಹಣೆಯಲ್ಲಿ ದೇವರ ಕುಂಕುಮವಿಟ್ಟುಕೊಂಡು ಸುಳ್ಳು ಹೇಳಿದೆ. ಪುಣ್ಯದ ಕೆಲಸಕ್ಕಾಗಿ ಹೇಳಿದ್ದು ಎಂದು ಸಮಾಧಾನ ಮಾಡಿಕೊಂಡು ಮನೆಗೆ ಬಂದೆ. ಸಾಯಮ್ಮ ಕಟ್ಟೆಗೆ ಹೋದಳು.

ಎರಡು ತಿಂಗಳು ಸರಿಯಾಗಿ ನಡೆಯಿತು. ಮೂರನೆಯ ತಿಂಗಳು, ಮಳೆ ಹಿಡಿದ ವಾರ, ಅಂಚೆಯ ತುಳಜಪ್ಪ ಬಾಗಿಲಲ್ಲಿ ನಿಂತ. "ರಾಯರ, ಅವ್ವನ ಹೆಸರಿನ್ಯಾಗ ಕಾಗದ ಬಂದದರಿ." ಕೊಟ್ಟವನು ನನ್ನ ಮುಖ ನೋಡದೆ ಹೋದ. ಕಾಗದದಲ್ಲಿದ್ದದ್ದು ಒಂದೇ ಸಾಲು: ಸಾಯಮ್ಮ ಔಷಧ ಒಯ್ದಿಲ್ಲ, ಕೂಡಲೇ ಬರಬೇಕು. ಕೌಶಲ್ಯಾಳ ಹೆಸರಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತೆ. ಓದಿ ಹೇಳುವವನು ನಾನೇ ಎಂದು ಆಮೇಲೆ ನೆನಪಾಯಿತು.

ಕಟ್ಟೆಯ ಮೇಲೆ ಅವಳಿರಲಿಲ್ಲ. ಮಳೆಯ ಇರಚಲಿಗೆ ಅಲ್ಲಿ ಮಲಗಲು ಆಗುವುದಿಲ್ಲವೆಂದು ಪೂಜಾರಿ ಹೇಳಿದ. ಹುಡುಕುತ್ತಾ ಹೋದರೆ ಗೂಡ್ಸ್ ಗಾಡಿಗೆ ತುಂಬಲು ಪೇರಿಸಿದ್ದ ಪರಸಿಗಳ ಸಂದಿಯಲ್ಲಿ, ಗೋಣಿಚೀಲ ಹೊದ್ದು ಕುಳಿತಿದ್ದಳು.

"ಗುಳಿಗಿ ಯಾಕ ಬಿಟ್ಟಿ?"

ಅವಳು ಸೊಂಟದ ಗಂಟು ಬಿಚ್ಚಿದಳು. ಗುಳಿಗೆಗಳೆಲ್ಲ ನೆನೆದು ಹಿಟ್ಟಾಗಿ ಬಟ್ಟೆಗೆ ಮೆತ್ತಿದ್ದವು. "ಮೊದಲನೆ ಮಳ್ಯಾಗೇ ಹೋದವ್ರಿ. ಎಲ್ಲಿ ಇಡಬೇಕ್ರಿ?"

"ದವಾಖಾನಿಗಿ ಹೋಗಿ ಹೇಳಬೇಕಿಲ್ಲೇನು?"

"ಕಾರ್ಡಿನ್ಯಾಗ ಅವ್ವನ ಹೆಸರದರಿ. ಆಕಿ ಮನ್ಯಾಗಿದ್ದು ಹ್ಯಾಂಗ ನೆಂದವು ಅಂತ ಕೇಳಿದ್ರ?"

ನಮ್ಮ ಪಡಸಾಲೆಯ ಗೋಡೆಯಲ್ಲಿ ಒಂದು ಗೂಡಿದೆ. ಕೌಶಲ್ಯಾಳ ಔಷಧದ ಶೀಶೆಗಳು ಇನ್ನೂ ಅದರಲ್ಲೇ ಇದ್ದವು. ದಿನಾ ಕಸ ಗುಡಿಸುವಾಗ ಅವುಗಳ ಕಡೆ ನೋಡದೆ ದಾಟುತ್ತಿದ್ದೆ. ಮಳೆ ಆ ಗೂಡನ್ನು ಎಂದೂ ಮುಟ್ಟಿರಲಿಲ್ಲ.

"ಏಳು," ಎಂದೆ.

ಬಾಗಿಲವರೆಗೆ ಬಂದು, ಗಂಜಿಗೆ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಳು. "ಒಳಗ ಹ್ಯಾಂಗ ಬರ್ಲಿರಿ? ಓಣಿ ಮಂದಿ ಏನಂತಾರ?"

"ಏನರೆ ಅನ್ಲಿ. ನಾ ದವಾಖಾನ್ಯಾಗ ಏನು ಬರಿಸೀನಿ, ಅದು ಖರೇ ಆಗಬೇಕು."

ಸಾಯಮ್ಮ ಹೊಸ್ತಿಲ ಹೊರಗೇ ಕುಳಿತಳು. ನಾನು ಶೀಶೆಗಳನ್ನು ಒಂದೊಂದಾಗಿ ಕೆಳಗಿಳಿಸಿದೆ. ಒಂದರಲ್ಲಿ ಇನ್ನೂ ಅರ್ಧ ಔಷಧವಿತ್ತು. ಗೂಡನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಒಣ ಬಟ್ಟೆಯಿಂದ ಒರೆಸಿದೆ. ತಿರುಗಿ ನೋಡಿದಾಗ ಅವಳು ಒಳಗೆ ಬಂದು, ಗೋಣಿಚೀಲವನ್ನು ಪಡಸಾಲೆಯ ಮೂಲೆಯಲ್ಲಿ ಹಾಸುತ್ತಿದ್ದಳು.