ಜಸೋದಾಬೆನ್ನಿಗೆ ಜೋಡಿ

ಕಿಟಕಿ ಪಕ್ಕದ ತಗಡಿನ ಮೇಲೆ ಯಾರೋ ಮೊಳೆಯಿಂದ ಬಣ್ಣ ಕೆರೆದಿದ್ದಾರೆ, ದುಂಡಗೊಂದು ಸುತ್ತು, ಪಕ್ಕದಲ್ಲಿ ಇನ್ನೊಂದು ಸುತ್ತು, ತಲೆಯ ಮೇಲೊಂದು ಕೊಂಡಿ — ಸಾ ಅಲ್ಲ, ಸಾ ಆಗಲಾರದು, ಅಹಮದಾಬಾದಿನಿಂದ ವಡೋದರಾಕ್ಕೆ ಹೋಗುವ ಗಾಡಿಯಲ್ಲಿ ಕನ್ನಡ ಕೆತ್ತುವವರು ಯಾರಿದ್ದಾರೆ, ಸೌಮ್ಯಾ ಕಣ್ಣು ಹೊರಳಿಸಿದಳು, ಎದುರು ಸೀಟಿನ ಮುದುಕಿ ಥೇಪ್ಲಾ ರೊಟ್ಟಿಯ ಪೊಟ್ಟಣ ಬಿಚ್ಚುತ್ತಿದ್ದಾಳೆ, ಮೆಂತ್ಯಸೊಪ್ಪಿನ ವಾಸನೆ, ಮಣಿನಗರ ದಾಟಿತು, ಬೆಳಿಗ್ಗೆ ಹನ್ನೊಂದು ಗಂಟೆಯಿಂದ ದುಂಡಗಿದ್ದದ್ದೆಲ್ಲ ಅವಳಿಗೆ ಅದೇ ಅಕ್ಷರ, ಮೇಜಿನ ಮೇಲೆ ಚಹಾ ಲೋಟ ಬಿಟ್ಟ ಒದ್ದೆ ಗುರುತು ಕೂಡ, ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತ ಅಮ್ಮ ಅನ್ನುವುದು ಇದಕ್ಕೇ — ಆದರೆ ಈ ಕಳ್ಳತನಕ್ಕೆ ಬಹುಮಾನ ಬಂದಿದೆಯಲ್ಲ, ಬ್ಯಾಗಿನೊಳಗೆ ನಾಲ್ಕು ಮಡಿಕೆಯಾಗಿ ಕೂತಿದೆಯಲ್ಲ ನೇಮಕಾತಿ ಪತ್ರ, ಮೆಡಿಕಲ್ ಕಾಲೇಜಿನ ಕ್ಯಾನ್ಸರ್ ಸಂಶೋಧನಾ ವಿಭಾಗಕ್ಕೆ ಸಂಶೋಧನಾಧಿಕಾರಿ, ಕಾಯಂ, ಆರು ತಿಂಗಳು ಹೊರದೇಶದಲ್ಲಿ ತರಬೇತಿ, ಬಂದ ಮೇಲೆ ಸೂರತ್ತಿನಲ್ಲಿ ಹೊಸ ಘಟಕ, ವರಾಛಾದ ವಜ್ರ ಉಜ್ಜುವವರ ಶ್ವಾಸಕೋಶದ ಲೆಕ್ಕ ಅವಳದೇ. ಮೂರು ವರ್ಷ ಇದಕ್ಕಾಗಿಯೇ ಬಿಸಿಲು ಕುಡಿದದ್ದು. ಸಿಗದಿದ್ದರೆ ಮಾರ್ಚ್ ಮೂವತ್ತೊಂದಕ್ಕೆ ಯೋಜನೆ ಮುಗಿದು ಕೆಲಸವೂ ಮುಗಿದು, ಅಪ್ಪ ಆಗಲೇ ಮಾತು ಕೊಟ್ಟಿರುವ ನಂಜನಗೂಡಿನ ಬ್ಯಾಂಕ್ ಬಾಲಕೃಷ್ಣ, ಅವನ ಫೋಟೋ, ಅವನ ಮೀಸೆ. ಸಿಕ್ಕಿತು. ಸಿಕ್ಕಿದ್ದನ್ನು ಮನೆಗೆ ಫೋನ್ ಮಾಡಿ ಇನ್ನೂ ಹೇಳಿಲ್ಲ.

ಕೆಲಸ ಏನು ಅಂತ ನೆಂಟರು ಕೇಳಿದರೆ ಜೋಡಿ ಹುಡುಕುವುದು ಅನ್ನುತ್ತಿದ್ದಳು, ಅವರು ನಗುತ್ತಿದ್ದರು, ಅಯ್ಯೋ ಮೊದಲು ನಿನಗೆ ಹುಡುಕ್ಕೊಳ್ಳೇ ಅಂತ, ಆದರೆ ನಿಜವಾಗಿ ಅದೇ ಕೆಲಸ, ಸ್ತನದ ಕ್ಯಾನ್ಸರ್ ಬಂದ ಒಬ್ಬೊಬ್ಬ ಹೆಂಗಸಿಗೂ ಬಾರದ ಒಬ್ಬೊಬ್ಬ ಹೆಂಗಸು, ಅದೇ ಓಣಿಯವಳು, ಹೆಚ್ಚುಕಡಿಮೆ ಅದೇ ವಯಸ್ಸಿನವಳು, ರೋಗಿಯ ಬಾಗಿಲಿಗೆ ಬೆನ್ನು ಮಾಡಿ ನಿಂತು ಬಲಕ್ಕೆ ತಿರುಗಿ ಒಂದೊಂದೇ ಮನೆ ತಟ್ಟುತ್ತಾ ಹೋಗಬೇಕು, ಸಿಕ್ಕವಳನ್ನು ಕೂರಿಸಿಕೊಂಡು ಅವೇ ನಲವತ್ತು ಪ್ರಶ್ನೆ, ಮದುವೆ ಯಾವಾಗ, ಮಕ್ಕಳೆಷ್ಟು, ಹಾಲು ಕುಡಿಸಿದ್ದೆಷ್ಟು ತಿಂಗಳು, ಮನೆಯಲ್ಲಿ ಯಾವ ಧಾನ್ಯ, ಯಾವ ಎಣ್ಣೆ, ಇಪ್ಪತ್ಮೂರನೆಯದು ಎದೆಯಲ್ಲಿ ಕೈಗೆ ಗಟ್ಟಿಯಾಗಿ ತಾಗುವ ಗಾಂಠ್ ಇದೆಯೇ, ಹೌದು ಇಲ್ಲ. ಇಬ್ಬರ ಉತ್ತರ ಎಲ್ಲಿ ಬೇರೆಯಾಯಿತೋ ಅಲ್ಲಿ ರೋಗದ ಬೇರು. ಅಹಮದಾಬಾದಿನ ನರೋಡಾದ ಜಸೋದಾಬೆನ್, ನಲವತ್ತೇಳು ವರ್ಷ, ಬಣ್ಣದ ಕಾರ್ಖಾನೆಯ ಹಿಂದಿನ ಸಾಲಿನ ಎಂಟನೇ ಮನೆ, ಮುಂದಿನ ಚರಂಡಿಯಲ್ಲಿ ಸೋಮವಾರ ಕೆಂಪು ನೀರು ಬುಧವಾರ ಹಸಿರು, ಹಗ್ಗದ ಚಾರ್ಪಾಯಿಯ ಮೇಲೆ ಮಲಗಿದ್ದವಳು ಎಲ್ಲಕ್ಕೂ ಉತ್ತರ ಹೇಳಿ ಕೊನೆಗೆ ಕಾಗದವನ್ನೇ ನೋಡುತ್ತಾ ಕೇಳಿದ್ದಳು, ಈಗ ನನ್ನ ಪಕ್ಕದಲ್ಲಿ ಯಾರನ್ನು ಬರೆಯುತ್ತೀ ಬೇಟಾ, ಯಾರನ್ನು ಬರೆದರೂ ಇದು ಅಲ್ಲಿಗೆ ಹೋಗುತ್ತದೆ, ನೋಡಿಕೊಂಡು ಬರಿ. ಐದು ದಿನಕ್ಕೆ ತೀರಿಕೊಂಡಳು. ಓಣಿಯವರ ಕಿವಿಗೂ ಆ ಮಾತು ಬಿದ್ದಿತ್ತು, ಹದಿನಾಲ್ಕು ಬಾಗಿಲು ತಟ್ಟಿದರೆ ಹದಿನಾಲ್ಕೂ ಒಳಗಿನಿಂದ ಚಿಲಕ ಹಾಕಿದ ಸದ್ದು, ಒಬ್ಬಳಂತೂ ಕಿಟಕಿಯಿಂದ ನೀರು ಎರಚಿದಳು. ಫಾರಂ ಒಪ್ಪಿಸಲು ಅದೇ ಕೊನೆಯ ದಿನ, ಜೋಡಿ ಇಲ್ಲದಿದ್ದರೆ ಜಸೋದಾಬೆನ್ ಲೆಕ್ಕಕ್ಕಿಲ್ಲ, ಸತ್ತವಳ ಉತ್ತರಗಳೆಲ್ಲ ರದ್ದಿ — ಹಾಗಂತ ತನಗೆ ತಾನೇ ಹೇಳಿಕೊಂಡಳು, ನಿಜ ಅಂದರೆ ನೂರಕ್ಕೆ ನೂರು ಫಾರಂ ತುಂಬಿದವಳು ತಾನೊಬ್ಬಳೇ ಆಗಬೇಕಿತ್ತು.

ಬಸ್ ಸ್ಟಾಪಿನ ಕಟ್ಟೆ, ತೊಡೆಯ ಮೇಲೆ ಫಾರಂ. ನಲವತ್ತೇಳು ವರ್ಷದ, ಆರೋಗ್ಯವಾಗಿರುವ, ಉತ್ತರಗಳೆಲ್ಲ ತನಗೆ ಬಾಯಿಪಾಠವಾಗಿರುವ ಹೆಂಗಸು ಭೂಮಿಯ ಮೇಲೆ ಒಬ್ಬಳೇ ಇದ್ದಳು, ವಡೋದರಾದ ಮನೆಯಲ್ಲಿ. ಹತ್ತೊಂಬತ್ತಕ್ಕೆ ಮದುವೆ, ಇಪ್ಪತ್ಮೂರಕ್ಕೆ ಮೊದಲ ಹೆರಿಗೆ, ಮಕ್ಕಳು ಇಬ್ಬರು, ಹೊಗೆಸೊಪ್ಪಿಲ್ಲ, ಹೆಸರು ಮಾತ್ರ ಸವಿತಾಬೆನ್, ಮನೆ ಸಂಖ್ಯೆ ಹನ್ನೊಂದು, ಆ ಸಾಲಿನಲ್ಲಿ ಹತ್ತಾದ ಮೇಲೆ ಕಾರ್ಖಾನೆಯ ಗೋಡೆ, ಗೋಡೆಯಾದ ಮೇಲೆ ಹನ್ನೆರಡು, ಹನ್ನೊಂದೇ ಇಲ್ಲ ಅಂತ ನೋಡಿಯೇ ಹನ್ನೊಂದು ಬರೆದದ್ದು. ಇಪ್ಪತ್ಮೂರನೇ ಪ್ರಶ್ನೆ, ಇಲ್ಲ, ಗೀಟು. ಪೆನ್ನು ಅಲ್ಲಿ ಒಂದು ಕ್ಷಣವೂ ನಿಲ್ಲಲಿಲ್ಲ, ಅದೇ ಈಗ ನಡಿಯಾದ್ ಸ್ಟೇಷನ್ನಿನ ಗದ್ದಲದ ನಡುವೆ ಎದೆ ಕೊರೆಯುತ್ತಿದೆ.

ಮತ್ತೆ ಕಣ್ಣಮುಂದೆ ಬೆಳಿಗ್ಗೆಯ ಅದೇ ಕೋಣೆ, ಡಾ. ಅಂತಾಣಿ, ವಿಭಾಗದ ಮುಖ್ಯಸ್ಥರು, ಕನ್ನಡಕ ಹಣೆಗೇರಿಸಿ ಎರಡು ಫಾರಂ ಪಕ್ಕಪಕ್ಕ ಇಟ್ಟುಕೊಂಡಿದ್ದಾರೆ, ಹತ್ತರಲ್ಲೊಂದು ಮನೆಗೆ ಮೇಲ್ವಿಚಾರಕಿ ನಿರುಪಮಾಬೆನ್ ಮತ್ತೆ ಹೋಗಿ ಅವೇ ಪ್ರಶ್ನೆ ಕೇಳಿ ತಾಳೆ ನೋಡುವುದು ಪದ್ಧತಿ, ಹುಡುಗಿಯರು ಮನೆಗೆ ಹೋಗಿದ್ದರೋ ಮರದ ಕೆಳಗೆ ಕೂತು ಬರೆದರೋ ಗೊತ್ತಾಗಲಿ ಅಂತ, ಇದು ನೋಡು, ಅಂದರು, ಹನ್ನೊಂದನೇ ಮನೆ, ಸವಿತಾಬೆನ್, ನಲವತ್ತರಲ್ಲಿ ಮೂವತ್ತೊಂಬತ್ತು ತಾಳೆ, ಇಷ್ಟು ಚೊಕ್ಕ ಕೆಲಸ ನಾನು ನೋಡಿಲ್ಲ. ಇಲ್ಲದ ಮನೆಗೆ ಹೋಗಿ, ಇಲ್ಲದ ಹೆಂಗಸನ್ನು ಮಾತಾಡಿಸಿ, ಅವಳು ಉತ್ತರ ಕೊಟ್ಟಿದ್ದಾಳೆ. ರಾಗಿ ತಿನ್ನುವವಳು ನರೋಡಾದಲ್ಲಿ ಹೇಗೆ, ರಾಗಿ ಬೆಳೆಯುವ ಡಾಂಗ್ ಕಾಡಿನ ಕಡೆಯವಳೇ, ಅಂತ ಅಂತಾಣಿ ನಕ್ಕರು, ರಾಗಿ — ಧಾನ್ಯದ ಪ್ರಶ್ನೆಗೆ ಕೈ ತಾನಾಗಿ ರಾಗಿ ಅಂತ ಬರೆದುಬಿಟ್ಟಿತ್ತು, ನಂಜನಗೂಡಿನ ಕೈ, ಎಲ್ಲಿ ಹೋಗುತ್ತೆ. ಹೌದು ಸರ್ ಇರಬೇಕು. ಒಂದೇ ಒಂದು ಉತ್ತರ ಬದಲಾಗಿದೆ, ಇಪ್ಪತ್ಮೂರು, ನೀನು ಹೋದಾಗ ಇಲ್ಲ, ಈಗ ಹೌದು. ಎಡಗಡೆ. ಆಮೇಲೆ ನಿರುಪಮಾಬೆನ್ ತಂದ ಫಾರಂನ ಕೆಳಗಿನ ಸಹಿ ತೋರಿಸಿ, ಓದು ಬಾರದವಳು ಪಾಪ, ಏನೋ ರಂಗೋಲಿ ಬಿಡಿಸಿದ್ದಾಳೆ, ಗುರುವಾರ ಇವಳನ್ನು ಹೊರರೋಗಿ ವಿಭಾಗಕ್ಕೆ ಕರೆದುಕೊಂಡು ಬಾ, ಅಧಿಕಾರಿಯಾಗಿ ನಿನ್ನ ಮೊದಲ ಕೆಲಸ ಅದೇ, ಅಂತ ಪತ್ರಕ್ಕೆ ಸಹಿ ಹಾಕಿದರು. ಸೌಮ್ಯಾ ರಂಗೋಲಿ ನೋಡಿದಳು. ಸಾವಿತ್ರಿ, ಅಮ್ಮನ ಹೆಸರು. ಕನ್ನಡದಲ್ಲಿ, ದುಂಡಗೆ, ತ್ರಿಯ ಒತ್ತಿನ ಬಾಲ ಸ್ವಲ್ಪ ಉದ್ದ, ಅಮ್ಮ ಹಾಕುವ ಹಾಗೆಯೇ.

ಆನಂದ್ ಬಂತು, ಗಾಡಿ ನಿಂತೇ ಇದೆ, ನಿರುಪಮಾಬೆನ್ ಸೋಮವಾರದಿಂದ ರಜೆ ಅಂತ ಜವಾನ ಹೇಳಿದ, ಅವಳೂ ಕೂತಲ್ಲೇ ಬರೆದಳೋ, ಪೂರ್ತಿ ತಾಳೆಯಾದರೆ ಅನುಮಾನ ಅಂತ ಒಂದನ್ನು ಬದಲಿಸಿದಳೋ, ಇರಬಹುದು, ಆದರೆ ಭುಜ್ ಕಡೆಯ ಹೆಂಗಸಿಗೆ ಕನ್ನಡ ಎಲ್ಲಿಂದ ಬಂತು. ಹಾಗಾದರೆ ಹಾಕಿದ್ದು ಯಾರು. ನಾನೇ ಹಾಕಿದೆನೇ — ಏಳನೇ ಕ್ಲಾಸಿನಲ್ಲಿ ಪ್ರೋಗ್ರೆಸ್ ಕಾರ್ಡಿಗೆ ಅಮ್ಮನ ಸಹಿ ಹಾಕಿದ್ದ ಕೈ ಇದೇ, ಮರೆತು ಹಾಕಿದೆನೇ, ಆ ಎರಡನೇ ಕಾಗದ ನನ್ನ ಕೈಗೇ ಬಂದಿಲ್ಲವಲ್ಲ — ಯಾರನ್ನು ಬರೆದರೂ ಇದು ಅಲ್ಲಿಗೆ ಹೋಗುತ್ತದೆ. ಥೇಪ್ಲಾ ಮುದುಕಿ ತನ್ನನ್ನೇ ನೋಡುತ್ತಿದ್ದಾಳೆ, ಚಾರ್ಪಾಯಿಯ ಮೇಲಿಂದ ನೋಡಿದ ಹಾಗೆ, ನಿನಗೇನಾಗಿದೆ ಬೇಟಾ ತಿನ್ನು ಅಂತ ಒಂದು ಮಡಿಸಿ ಕೊಟ್ಟಳು, ಸೌಮ್ಯಾ ತೆಗೆದುಕೊಂಡಳು, ತಿನ್ನಲಿಲ್ಲ, ವಾಸದ್ ದಾಟಿ ಮಹೀ ನದಿಯ ಸೇತುವೆಯ ಮೇಲೆ ಗಾಡಿ ಟೊಳ್ಳು ಸದ್ದು ಮಾಡಿತು, ಭಯವಾಗಿದೆ ನನಗೆ, ಸತ್ಯ ಹೇಳಿದರೆ ಕೆಲಸ ಹೋಗುತ್ತೆ, ಹೇಳದಿದ್ದರೆ ಗುರುವಾರ ಯಾರನ್ನು ಕರೆದುಕೊಂಡು ಹೋಗುವುದು, ಇಬ್ಬರನ್ನೂ ಬಲ್ಲವಳು ನಾನೊಬ್ಬಳೇ, ಇದ್ದವಳನ್ನೂ ಇಲ್ಲದವಳನ್ನೂ.

ಆಟೋ ಮನೆಯಿರುವ ಗೋರ್ವಾದ ತಿರುವಿನಲ್ಲಿ ಬಿಟ್ಟಿತು, ಸಂಜೆ, ಬಾಗಿಲು ತೆರೆದೇ ಇದೆ, ಅಪ್ಪ ವಿಮಾ ಕಚೇರಿಯಿಂದ ಬಂದಿಲ್ಲ, ಅಮ್ಮ ಮೊರದ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದಾಳೆ, ಬಂದ್ಯಾ, ಕೈಕಾಲು ತೊಳ್ಕೊ, ಕೆಲಸ ಆಯ್ತೇನೆ ಅಂದಳು, ತಲೆ ಎತ್ತಲಿಲ್ಲ. ಆಯ್ತಮ್ಮ. ಅಮ್ಮ ಕಣ್ಣು ಮುಚ್ಚಿ ನಂಜುಂಡೇಶ್ವರನಿಗೆ ಕೈ ಮುಗಿದು, ಸದ್ಯ ಅಂದು, ಮತ್ತೆ ಅಕ್ಕಿಗೆ ಬಂದಳು, ಅಕ್ಕಿಗೇ ಹೇಳುವ ಹಾಗೆ ಹೇಳಿದಳು, ಹೋದ ಮಂಗಳವಾರ ನಿಮ್ಮ ನಿರುಪಮಾಬೆನ್ ಬಂದಿದ್ರು. ಸೌಮ್ಯಾ ಹೊಸ್ತಿಲ ಮೇಲೆಯೇ ಕೂತಳು. ಹನ್ನೊಂದನೇ ಮನೆ ಹುಡುಕಿದ್ರಂತೆ, ಸಿಗಲಿಲ್ವಂತೆ, ನರೋಡಾದಲ್ಲಿ ರಾಗಿ ತಿನ್ನೋರು ಯಾರು ಅಂತ ಯೋಚಿಸಿದ್ರಂತೆ, ನಿನ್ನ ಡಬ್ಬಿ ರಾಗಿರೊಟ್ಟಿ ದಿನಾ ತಿಂದೋರಲ್ವಾ, ಗೊತ್ತಾಯ್ತಂತೆ, ಆಫೀಸಿನ ಫೈಲಲ್ಲಿ ಅಡ್ರೆಸ್ ನೋಡ್ಕೊಂಡು ಬೈಯಕ್ಕೇ ಬಂದ್ರು, ನಾನೇ ಕೈ ಮುಗಿದು ಕೇಳ್ಕೊಂಡೆ, ಹುಡುಗಿ ಕೆಲಸ ಕೆಡಿಸ್ಬೇಡಿ, ಸಂದರ್ಶನ ಮುಗಿಯೋವರೆಗೂ ಏನೂ ಹೇಳ್ಬೇಡಿ ಅಂತ, ಸರಿ ಹಾಗಾದ್ರೆ ನೀವು ನಲವತ್ತಕ್ಕೂ ಉತ್ತರ ಕೊಡಿ ಅಂದ್ರು, ಕೊಟ್ಟೆ, ಸವಿತಾಬೆನ್ ಅಂತ ಹಾಕಕ್ಕೆ ಕೈ ಬರಲಿಲ್ಲ, ನಂದೇ ಹಾಕ್ಬಿಟ್ಟೆ. ಮೊರದಲ್ಲಿ ಕಲ್ಲೊಂದು ಸಿಕ್ಕಿತು, ತೆಗೆದು ಪಕ್ಕಕ್ಕಿಟ್ಟಳು. ಎಷ್ಟು ದಿನದಿಂದ ಅಮ್ಮ — ಹಾಗೆ ಕೇಳಬೇಕಿತ್ತು, ಇಪ್ಪತ್ನಾಲ್ಕನೇ ಪ್ರಶ್ನೆ, ನೂರು ರೋಗಿಗಳನ್ನೂ ತೊಂಬತ್ತೊಂಬತ್ತು ಜೋಡಿಗಳನ್ನೂ ಗುಜರಾತಿಯಲ್ಲಿ ಒಂದು ಅಕ್ಷರ ತೊದಲದೆ ಕೇಳಿದವಳು, ಈಗ ಬಾಯಿಗೆ ಗಾಂಠ್ ಅನ್ನುವುದು ಬಿಟ್ಟು ಬೇರೆ ಪದವೇ ಬರುತ್ತಿಲ್ಲ, ಅಮ್ಮನ ಭಾಷೆಯಲ್ಲಿ ಅದನ್ನು ಯಾರನ್ನೂ ಕೇಳಿಲ್ಲ. ಹೋದ ಯುಗಾದಿಯಿಂದ ಇತ್ತು ಕಣೇ, ಅಮ್ಮ ತಾನೇ ಹೇಳಿದಳು, ಅವರು ಕೇಳಿದ್ರು, ಹೇಳ್ದೆ, ಮನೇಲಿ ಯಾರೂ ಕೇಳಲಿಲ್ಲ. ಆಮೇಲೆ ಬಹಳ ಸಾಧಾರಣವಾಗಿ, ಮಾರ್ಕೆಟ್ಟಿಗೆ ಬರುವವಳ ಹಾಗೆ, ಗುರುವಾರ ತಾನೆ, ಇಂಥೋರನ್ನ ಗುರುವಾರನೇ ಕರೀತಾರೆ ಅಂತ ಅವರು ಹೇಳಿದ್ರು, ಬರ್ತೀನಿ, ಸವಿತಾಬೆನ್ ಅಂತ್ಲೇ ಬರ್ತೀನಿ, ನಿನ್ನ ಕೆಲಸ ಉಳಿದ್ರೆ ಸಾಕು.

ಬೇಡ ಅನ್ನಬೇಕು, ಸಾವಿತ್ರಿ ಅಂತಲೇ ಬಾ ಅನ್ನಬೇಕು, ಪತ್ರ ಹರಿಯಬೇಕು, ಎದ್ದು ಹೋಗಿ ಅಮ್ಮನನ್ನು ಹಿಡಿದುಕೊಳ್ಳಬೇಕು, ಅನ್ನುತ್ತೇನೆ, ಈಗ ಅನ್ನುತ್ತೇನೆ, ನಿರುಪಮಾಬೆನ್ ಹೇಳಿಕೊಟ್ಟಿದ್ದಾರೆ ನೋಡು ಅಂತ ಅಮ್ಮ ಬಲಗೈಯ ಮೂರು ಬೆರಳು ಜೋಡಿಸಿ ಸೆರಗಿನ ಒಳಗೆ ಎಡಗಡೆ ಇಟ್ಟಳು, ಮೆಲ್ಲಗೆ ಸುತ್ತು ತಿರುಗಿಸಿದಳು, ಒಂದು ಸುತ್ತು, ಅದರೊಳಗೆ ಇನ್ನೊಂದು ಸಣ್ಣ ಸುತ್ತು, ಬೆರಳು ಒಂದು ಕಡೆ ನಿಂತಿತು, ಇಲ್ಲಿ, ಅಂದಳು, ಅನ್ನುತ್ತೇನೆ ಅಮ್ಮ ಒಂದು ನಿಮಿಷ, ಮೂರು ಬೆರಳು, ಬೀದಿಯಲ್ಲಿ ಹಾಲಿನವನ ಗಂಟೆ, ಮತ್ತೆ ಮೊದಲಿನಿಂದ, ಸುತ್ತು, ಸಣ್ಣ ಸುತ್ತು, ನಿಂತಿತು, ಇಲ್ಲಿ, ಮೂರು ಬೆರಳು, ಇಲ್ಲಿ