ಐನೂರ ಒಂದು ಡಾಲರ್

ಗಂಟಲಿನ ಆಪರೇಷನ್ ಆದಮೇಲೆ ದನಿ ಉಳಿಯುವುದು ಅನುಮಾನ ಎಂದಿದ್ದರು ಡಾಕ್ಟರು. ಅದಕ್ಕೇ ಪಂಕಜಾ ಮಿಸ್ ಕೊನೆಯ ಸಲವೆಂದು ಹಾಡಲು ಹೊರಟಿದ್ದು. ಹೊಸಹಳ್ಳಿಯ ಪುಟ್ಟ ಸಭಾಂಗಣದಲ್ಲಿ ಕಛೇರಿ, ದೂರದ ಶಿಷ್ಯರಿಗೆ ಆನ್‌ಲೈನ್ ಪ್ರಸಾರ. ಟಿಕೆಟ್ ಮಾರುವ ಪುಟ ಸಿದ್ಧಮಾಡುವ ಕೆಲಸ ಶಿಷ್ಯೆ ಅನಘಾಳ ಪಾಲಿಗೆ ಬಂತು.

"ಐನೂರ ಒಂದು ಇಡೇ. ಸೊನ್ನೇಲಿ ಮುಗೀಬಾರ್ದು," ಎಂದರು ಮಿಸ್. ಸ್ವಲ್ಪ ತಡೆದು, "ಕೀರ್ತನಾಗೂ ಲಿಂಕ್ ಕಳ್ಸು. ನಾನ್ ಹೇಳ್ದೆ ಅನ್ಬೇಡ."

"ನೀವೇ ಒಂದ್ ಫೋನ್ ಮಾಡ್ಬಿಡಿ ಮಿಸ್."

"ಮೊದ್ಲು ಕೇಳಿಸ್ಕೊಳ್ಳಲಿ ಕಣೇ. ಆಮೇಲೆ ಮಾತಾಡ್ತೀನಿ."

ಕೀರ್ತನಾ ಮಿಸ್ ಅವರ ಮೆಚ್ಚಿನ ಶಿಷ್ಯೆಯಾಗಿದ್ದವಳು. ಮದುವೆ ಮನೆಗಳಲ್ಲಿ ದುಡ್ಡಿಗೆ ಹಾಡತೊಡಗಿದಾಗ, "ಹಾಡಿಗೆ ರೇಟು ಕಟ್ತೀಯೇನೇ?" ಎಂದು ಎಲ್ಲರೆದುರು ಬೈಸಿಕೊಂಡು ಎದ್ದು ಹೋದಳು. ಈಗ ಮೆಲ್ಬರ್ನಿನಲ್ಲಿದ್ದಾಳೆ. ಇಬ್ಬರಿಗೂ ಮಾತಿಲ್ಲ.

ವಿಜಯನಗರದ ತನ್ನ ಮನೆಯಲ್ಲಿ ಕೂತು ಅನಘಾ ಬೆಲೆ ತುಂಬಿದಳು. ಕರೆನ್ಸಿ ಎಂದಲ್ಲಿ ರೂಪಾಯಿಯ ಜೊತೆಗೆ ಡಾಲರನ್ನೂ ಸೇರಿಸಿ, 'ಎಲ್ಲದಕ್ಕೂ ಇದೇ ಬೆಲೆ' ಎಂಬುದನ್ನು ಒತ್ತಿದಳು. ರೂಪಾಯಿಯಿಂದ ಡಾಲರಿಗೆ ಲೆಕ್ಕ ಅದೇ ಹಾಕಿಕೊಳ್ಳುತ್ತದೆ ಎಂದುಕೊಂಡಳು. ಗ್ಯಾಸ್ ಆರಿಸಿದ್ದೀನಾ ಎಂದು ಮೆಟ್ಟಿಲಿಳಿದವಳು ಮತ್ತೆ ಹತ್ತಿ ಬರುವ ಪೈಕಿ ಅವಳು. ಪುಟವನ್ನೂ ಹಾಗೇ ತೆಗೆತೆಗೆದು ನೋಡಿದಳು. ತೆಗೆದಾಗಲೆಲ್ಲ ರೂಪಾಯಿಯಲ್ಲೇ ಬೆಲೆ ಕಂಡು ಸಮಾಧಾನವಾಯಿತು.

ಸಂಜೆ ಮಿಸ್ ಹಾಡಿದರು. ಮೇಲಿನ ಸ್ವರಗಳಲ್ಲಿ ದನಿ ಒಡೆಯಿತು, ನಿಲ್ಲಿಸಲಿಲ್ಲ. ಆಗಾಗ ಜನರನ್ನು ಬಿಟ್ಟು ಕ್ಯಾಮೆರಾ ಕಡೆಗೇ ನೋಡಿ ಹಾಡುತ್ತಿದ್ದರು. ಮಂಗಳ ಮುಗಿದಾಗ ಅನಘಾ ಫೋನ್ ತೆಗೆದಳು. ಕೀರ್ತನಾಳ ಮೆಸೇಜು ಮಧ್ಯಾಹ್ನವೇ ಬಂದು ಕೂತಿತ್ತು.

'ಐನೂರ ಒಂದು ಡಾಲರ್. ಅವತ್ತು ರೇಟು ಕಟ್ತೀಯಾ ಅಂತ ಬೈದ್ರು, ಇವತ್ತು ಅವರ ರೇಟು ತೋರ್ಸಿದಾರೆ. ಕೋಪ ಇನ್ನೂ ಹೋಗಿಲ್ಲ ಅಂತ ಗೊತ್ತಾಯ್ತು. ಇನ್ನು ಲಿಂಕ್ ಕಳಿಸ್ಬೇಡ.'

ಅನಘಾ ಪುಟದ ಸೆಟ್ಟಿಂಗ್ ತೆಗೆದು ನೋಡಿದಳು. ಲೆಕ್ಕ ಯಾರೂ ಹಾಕಿರಲಿಲ್ಲ. ಅಂಕಿ ಹಾಗೇ ಉಳಿದು ಮುಂದಿನ ಗುರುತಷ್ಟೇ ಬದಲಾಗಿತ್ತು. ಹೊರದೇಶದಲ್ಲಿದ್ದವರಿಗೆ ಮಾತ್ರ ಕಾಣುವ ಬೆಲೆ ಅದು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಮಿಸ್ ಬಿಸಿನೀರಿನ ಲೋಟ ಹಿಡಿದು ಕೂತಿದ್ದರು. ಇವಳನ್ನು ಕಂಡದ್ದೇ ಹುಬ್ಬೇರಿಸಿದರು. ಕೀರ್ತನಾ ಕೇಳಿದಳಾ? ಅನಘಾಗೆ ಸುಳ್ಳು ಬಾಯಿಗೆ ಬಂತು, ಹೇಳಲಾಗಲಿಲ್ಲ. ನಡೆದದ್ದನ್ನು ಹೇಳಿಬಿಟ್ಟಳು. ಮಿಸ್ ಬೈಯಲಿಲ್ಲ. ಫೋನ್ ಮಾಡು ಎಂದು ಕೈಸನ್ನೆ ಮಾಡಿದರು.

ಅಲ್ಲಿ ನಡುರಾತ್ರಿಯಾಗಿದ್ದರೂ ಕೀರ್ತನಾ ಎತ್ತಿದಳು.

"ಕೀರ್ತೂ, ತಪ್ಪು ನಂದು ಕಣೇ, ಬೆಲೆ ನಾನೇ ಹಾಕಿದ್ದು..."

"ಅವರನ್ನ ಕಾಪಾಡ್ಬೇಡ ಅನು. ಅವರಿಗೆ ಬೇಕಿದ್ರೆ ಅವರೇ ಹೇಳ್ತಾರೆ."

ಮಿಸ್ ಫೋನ್ ಕಸಿದುಕೊಂಡರು. ಬಾಯಿ ತೆರೆದರು. ಇದ್ದಬದ್ದ ದನಿಯೆಲ್ಲ ವೇದಿಕೆಯ ಮೇಲೇ ಮುಗಿದುಹೋಗಿತ್ತು. ಬಂದದ್ದು ಬರೀ ಗಾಳಿ.

"ಹಲೋ? ಅನು? ನೋಡಿದ್ಯಾ, ಅವರು ಮಾತಾಡಲ್ಲ."

ಫೋನ್ ಕಟ್ಟಾಯಿತು. ಮಿಸ್ ಅದನ್ನು ಕಿವಿಗೆ ಹಿಡಿದುಕೊಂಡೇ ಇದ್ದರು. ತುಟಿ ಇನ್ನೂ ಆಡುತ್ತಿತ್ತು.