ಅತ್ತೆಯ ಮಾತ್ರೆ, ಯಾರದೋ ಚಿತ್ರ

ಅತ್ತೆಗೆ ಓದು ಬಾರದು. ದಿನಕ್ಕೆ ಎರಡೇ ಮಾತ್ರೆ. ಬೆಳಿಗ್ಗೆ ಬಿಪಿಗೊಂದು, ಮಧ್ಯಾಹ್ನ ಊಟದ ಹೊತ್ತಿಗೆ ಸಕ್ಕರೆ ಕಾಯಿಲೆಗೊಂದು. ಆದರೂ ಯಾವುದು ಯಾವಾಗ ಎಂದು ಯಾರಾದರೂ ಹೇಳಬೇಕು. ಸೊಸೆಯೋ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಸ್ಟ್, ಬೆಳಗಾದರೆ ಓಟ.

ಒಂದು ದಿನ ಅವಳು ಅಂಗಡಿಯ ಕಂಪ್ಯೂಟರಿನಲ್ಲಿ ಮಾತ್ರೆಗಳ ಹೆಸರು ಹುಡುಕಿದಳು. ವೆಬ್‌ಸೈಟಿನಲ್ಲಿ ಸಿಕ್ಕ ಚಿತ್ರಗಳನ್ನು ಕಾಪಿ ಮಾಡಿ ಒಂದು ಹಾಳೆಗೆ ಪೇಸ್ಟ್ ಮಾಡಿದಳು. ಸೂರ್ಯನ ಪಕ್ಕ ಬೆಳಗಿನ ಮಾತ್ರೆ, ಊಟದ ತಟ್ಟೆಯ ಪಕ್ಕ ಮಧ್ಯಾಹ್ನದ ಮಾತ್ರೆ. ಲ್ಯಾಮಿನೇಷನ್ ಮಾಡಿ ಅಡುಗೆಮನೆ ಗೋಡೆಗೆ ಅಂಟಿಸಿದಳು. "ನನ್ ಸೊಸೆ ಅಂದ್ರೆ ಏನಂದ್ಕೊಂಡ್ರಿ!" ಎಂದು ಅತ್ತೆ ಬೀದಿಗೆಲ್ಲ ಹೇಳಿ ಬಂದರು.

ನಾಲ್ಕನೇ ದಿನ ಸಂಜೆ ಸೊಸೆ ಮನೆಗೆ ಬಂದಾಗ ಅತ್ತೆ ಕುರ್ಚಿಯಲ್ಲಿ ಕುಸಿದಿದ್ದರು. ಮೈಯೆಲ್ಲ ಬೆವರು, ಕೈ ಗಡಗಡ. ಸೊಸೆ ಹೊರಗೋಡಿ ಕೂಗಿದಳು. ಪಕ್ಕದ ಮನೆಯ ನರ್ಸಕ್ಕ ಓಡಿಬಂದು ಬೆರಳು ಚುಚ್ಚಿ ನೋಡಿದರು. ಸಕ್ಕರೆ ತೀರಾ ಇಳಿದಿತ್ತು. ಸಕ್ಕರೆ ನೀರು ಕುಡಿಸಿ, ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದರು. ದೇವರು ದೊಡ್ಡವನು, ಮರುದಿನ ಮನೆಗೆ ಕಳಿಸಿದರು.

ನರ್ಸಕ್ಕ ಗೋಡೆಯ ಹಾಳೆಯನ್ನೂ ಮಾತ್ರೆ ಡಬ್ಬಿಯನ್ನೂ ಅಕ್ಕಪಕ್ಕ ಇಟ್ಟರು.

"ಅಮ್ಮಾ, ಬೆಳಿಗ್ಗೆ ಯಾವ್ದು ತಗೊಂಡ್ರಿ?"

"ಚಿತ್ರದಲ್ಲಿರೋದೇ. ಬಿಳೀದು, ಗುಂಡಗಿರೋದು. ಗುಲಾಬಿದು ಬದಲಾಯ್ತೇನೋ ಅಂದ್ಕೊಂಡೆ."

"ಮಧ್ಯಾಹ್ನ?"

"ಅದು ಉದ್ದನೆ ಬಿಳೀದು. ಡಬ್ಬೀಲಿ ಉದ್ದಂದು ಇರ್ಲಿಲ್ಲ. ಬಿಳಿ ಅಂದ್ರೆ ಬಿಳಿ ಅಂತ ಅದೇ ಗುಂಡಗಿನದನ್ನೇ ತಗೊಂಡೆ."

ಅತ್ತೆಯ ಬಿಪಿ ಮಾತ್ರೆ ಗುಲಾಬಿ ಬಣ್ಣದ್ದು. ನಾಲ್ಕು ದಿನದಿಂದ ಅದರಲ್ಲಿ ಒಂದೂ ಖರ್ಚಾಗಿರಲಿಲ್ಲ. ಗುಂಡಗಿನ ಬಿಳಿ ಮಾತ್ರೆ ಸಕ್ಕರೆ ಕಾಯಿಲೆಯದು. ದಿನಕ್ಕೊಂದರ ಬದಲು ಎರಡೆರಡು ನುಂಗಿದ್ದರು.

"ನಾನು ಸರಿಯಾದ ಹೆಸರೇ ಹಾಕಿ ಹುಡುಕ್ದೆ ಅಕ್ಕಾ!" ಸೊಸೆ ವಾದಿಸಿದಳು. "ದೊಡ್ಡ ವೆಬ್‌ಸೈಟು. ಅವರು ಸುಳ್ಳು ಚಿತ್ರ ಹಾಕ್ತಾರಾ?"

"ಸುಳ್ಳಲ್ಲ ಕಣೆ. ಆ ಚಿತ್ರ ಇನ್ನೊಂದು ಕಂಪನಿ ಮಾತ್ರೇದು. ಔಷಧಿ ಒಂದೇ ಆದ್ರೂ ಒಬ್ಬೊಬ್ರು ಒಂದೊಂದು ಬಣ್ಣ, ಒಂದೊಂದು ಆಕಾರದಲ್ಲಿ ಮಾಡ್ತಾರೆ. ನೀನು ತಂದು ಅಂಟಿಸಿದ್ದು ಯಾರ ಮನೆ ಮಾತ್ರೆನೋ."

ಸೊಸೆ ಅತ್ತೆಯ ಕೈ ಹಿಡಿದಳು. "ಕೈಯಾರೆ ನಿಮ್ಮನ್ನ ಕಳ್ಕೋತಿದ್ನಲ್ಲ ಅತ್ತೆ" ಎಂದು ಅತ್ತುಬಿಟ್ಟಳು.

"ಅಳಬೇಡ ಬಿಡು. ಉದ್ದಂದು ಡಬ್ಬೀಲಿ ಇಲ್ದಾಗ ನಾನೂ ಒಂದು ಮಾತು ಕೇಳ್ಬೇಕಿತ್ತು" ಎಂದರು ಅತ್ತೆ, ಅವಳ ಬೆನ್ನು ಸವರುತ್ತ.

ಅಂದೇ ಸೊಸೆ ಡಬ್ಬಿಯಲ್ಲಿದ್ದ ಮಾತ್ರೆಗಳನ್ನೇ ಬಿಳಿ ಕಾಗದದ ಮೇಲಿಟ್ಟು ಫೋಟೋ ತೆಗೆದು ಹೊಸ ಹಾಳೆ ಮಾಡಿದಳು. ನರ್ಸಕ್ಕ ಡಾಕ್ಟರ ಚೀಟಿ ಹಿಡಿದು ಒಂದೊಂದನ್ನೂ ತಾಳೆ ನೋಡಿದರು. ಪ್ರತಿ ಸಲ ಔಷಧಿ ತಂದಾಗಲೂ ಹಾಳೆಯನ್ನು ಡಬ್ಬಿಯ ಜೊತೆ ಹೋಲಿಸಬೇಕು, ಮಾತ್ರೆ ಬೇರೆ ಕಂಡರೆ ನುಂಗುವ ಮೊದಲು ಕೇಳಬೇಕು ಎಂದು ಮನೆಯವರೆಲ್ಲ ಒಪ್ಪಿದರು.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ವೆಬ್‌ಸೈಟಿನ ಚಿತ್ರ ಎತ್ತಿ ಅಂಟಿಸುವುದು ಎರಡು ಕ್ಷಣದ ಕೆಲಸ. ಅದು ನಿಮ್ಮ ಮನೆಯ ವಸ್ತುವೇ ಎಂದು ನೋಡಿಕೊಳ್ಳುವ ಕೆಲಸವನ್ನು ಕಂಪ್ಯೂಟರ್ ಮಾಡುವುದಿಲ್ಲ. ನಿಮ್ಮ ಮನೆಯಲ್ಲೂ ಇಂಥ ಹಾಳೆ ಇದ್ದರೆ ಈಗಲೇ ಎದ್ದು ಹೋಗಿ, ಡಬ್ಬಿ ತೆರೆದು, ಪಕ್ಕದಲ್ಲಿಟ್ಟು ನೋಡಿ. ಹಿರಿಯರು ಆ ಚಿತ್ರವನ್ನಲ್ಲ, ಅದನ್ನು ಅಂಟಿಸಿದ ನಿಮ್ಮನ್ನು ನಂಬಿ ಮಾತ್ರೆ ನುಂಗುತ್ತಾರೆ.